ಟ್ಯೂನಿಸ್‌ನಲ್ಲಿ ಅತ್ತೆಯ ಊಟ

ಜನವರಿ 9, ಶೇಡಬಾಳ

ಅತ್ತೆಯನ್ನು ಮಿರಜಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಬಂದೆ. ತೂಕ ಮೂವತ್ತೊಂಬತ್ತು ಕಿಲೋ. ಡಾಕ್ಟರು ಆ ಅಂಕಿಯನ್ನು ಕಾಗದದ ಮೇಲೆ ಬರೆದು ಸುತ್ತ ಎರಡು ಸಲ ಗೋಲ ಹಾಕಿದರು. ಔಷಧ ಬೇಡ, ದಿನಕ್ಕೆ ಎರಡು ಹೊತ್ತು ಉಣ್ಣಲಿ ಸಾಕು, ಹೀಗೇ ನಡೆದರೆ ಬೇಸಿಗೆ ದಾಟುವುದು ಕಷ್ಟ ಎಂದು ನನಗೊಬ್ಬಳಿಗೇ ತಿಳಿಯಲಿ ಅಂತ ಮರಾಠಿಯಲ್ಲಿ ಹೇಳಿದರು. ಅತ್ತೆಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಕೈಚೀಲದ ಗಂಟು ಬಿಗಿಮಾಡುತ್ತ ಕೂತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ ಅತ್ತೆ ಒಂದು ವರ್ಷದ ಏಕಭುಕ್ತ ಹಿಡಿದರು. ಹಗಲು ಒಂದೇ ಸಲ, ಒಂದೇ ಕಡೆ ಕೂತು ಊಟ. ಹೊತ್ತು ಮುಳುಗುವವರೆಗೆ ನೀರು. ಅಷ್ಟೇ. ಆ ವರ್ಷ ಡಿಸೆಂಬರಿಗೆ ಮುಗಿಯಿತು. ಬಸದಿಯಲ್ಲಿ ಪೂಜೆ ಮಾಡಿಸಿ, ನಾಲ್ಕು ಮಂದಿಗೆ ಉಣ್ಣಿಸಿ ವ್ರತ ಬಿಡಬೇಕಿತ್ತು. ನಾನು ಎರಡು ಸಲ ಕೇಳಿದೆ. "ಮುಗಸೋಣಂತ" ಅಂದರು. ಮೂರನೆಯ ಸಲ ಕೇಳಲು ನನಗೇ ಧೈರ್ಯವಾಗಲಿಲ್ಲ. ಕೇಳಬೇಕಾಗಿತ್ತೇ?

ಬರುವಾಗ ರೈಲಿನಲ್ಲಿ, ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಅಂವಾ ಇದ್ದ ಊರ ಒಮ್ಮೆ ನೋಡಬೇಕ ನಾ."

ಐವತ್ತು ವರ್ಷ ಈ ಮನೆಯಲ್ಲಿದ್ದು ಏನನ್ನೂ ಕೇಳದವರು. ಕೇಳಿದ್ದು ಟ್ಯೂನಿಸ್.

ಜನವರಿ 12

ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು, ಅಥಣಿಯಲ್ಲಿ ಇಂಗ್ಲಿಷೇ ಕಲಿಸುವವಳು. ಅರ್ಜಿ, ಪಟ್ಟಿ, ಪಾಠದ ಟಿಪ್ಪಣಿ ಎಲ್ಲ ಅದರಲ್ಲೇ. ಇದನ್ನು ಯಾಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ? ಇಂಗ್ಲಿಷಿನಲ್ಲಿ ಬರೆದರೆ ಯಾರಿಗೋ ವರದಿ ಒಪ್ಪಿಸಿದ ಹಾಗಾಗುತ್ತದೆ.

ಆದರೂ ವರದಿಯೇ ಬರೆಯುತ್ತಿದ್ದೇನೆ. ಇವತ್ತು ಅತ್ತೆ: ರೊಟ್ಟಿ ಒಂದು, ಹೆಸರು ಬೇಳೆ, ಅರ್ಧ ಬಟ್ಟಲು ಮೊಸರು.

ಇನ್ನೊಂದು ವಿಷಯ ಬರೆದಿಡಬೇಕು, ಯಾರಿಗೂ ಹೇಳಿಲ್ಲ. ಮುನಿಗಳು ಆಹಾರ ತೆಗೆದುಕೊಳ್ಳುವಾಗ ಅಳುವ ಸದ್ದು ಕಿವಿಗೆ ಬಿದ್ದರೆ ಅಲ್ಲಿಗೇ ಕೈ ತೊಳೆಯುತ್ತಾರೆ. ಅಂತರಾಯ ಎನ್ನುತ್ತಾರೆ ಅದಕ್ಕೆ. ಮತ್ತೆ ಮರುದಿನವೇ ಆಹಾರ. ಸಂಸಾರದಲ್ಲಿರುವವರಿಗೆ ಈ ನಿಯಮವಿಲ್ಲ. ಅತ್ತೆ ತಾವಾಗಿ ಇದನ್ನೂ ಸೇರಿಸಿಕೊಂಡರು. ಮೊದಲ ತಿಂಗಳು ಸತ್ತಿ ಊರಿನಿಂದ ಮಾತಾಡಿಸಲು ಬಂದ ನೆಂಟರ ಅಕ್ಕುತಾಯಿ ಅಂಗಳದಲ್ಲೇ ಅಳಲು ತೊಡಗಿದಾಗ ಅತ್ತೆಯ ತಟ್ಟೆಯಲ್ಲಿ ಎರಡು ತುತ್ತು ಮುರಿದಿತ್ತು. ಎದ್ದುಬಿಟ್ಟರು. ಮುಂದಿನ ವಾರ ನನ್ನಿಂದಲೇ ಆಯಿತು. ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಿದ್ದೆ, ಆದರೂ ಕೇಳಿತು. ಆ ದಿನ ಅವರು ಒಂದು ತುತ್ತೂ ತಿಂದಿರಲಿಲ್ಲ.

ಆಮೇಲೆ ಅಳು ಬಂದರೆ ಮಿಕ್ಸರ್ ಹಚ್ಚುತ್ತಿದ್ದೆ. ಒಳಗೆ ಏನೂ ಹಾಕದೆ. ಈಗ ಅದೂ ಬೇಕಾಗುವುದಿಲ್ಲ, ರೂಢಿಯಾಗಿದೆ. ಊರಲ್ಲಿ ನನ್ನನ್ನು ಗಟ್ಟಿ ಹೆಂಗಸು ಅನ್ನುತ್ತಾರೆ.

ಫೆಬ್ರವರಿ 6

ಬೆಳಗಾವಿಯಲ್ಲಿ ಪಾಸ್‌ಪೋರ್ಟ್ ಕೆಲಸ. ಅತ್ತೆಯ ಬೆರಳಿನ ಗುರುತು ಯಂತ್ರದಲ್ಲಿ ಮೂಡಲೇ ಇಲ್ಲ. ನಾಲ್ಕು ಸಲ ಒರೆಸಿ ಒತ್ತಿಸಿದ ಹುಡುಗಿ, ಅಜ್ಜಿಗೆ ಗೆರೆಗಳೇ ಇಲ್ಲವಲ್ಲ ಎಂದಳು.

"ರೊಟ್ಟಿ ಬಡದ ಬಡದ ಸವದಾವು ತಂಗಿ. ಗೆರಿ ಬೇಕಾದ್ರ ರೊಟ್ಟಿ ತರತೇನಿ, ಅದರ ಮ್ಯಾಲ ಇರತಾವು" ಎಂದರು ಅತ್ತೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರು ತಮಾಷೆ ಮಾಡಿದ್ದನ್ನು ಕೇಳಿ ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಕೊನೆಗೆ ಹೆಬ್ಬೆರಳು ಮೂಡಿತು.

ಮಾರ್ಚ್ 1

ಜೋಳದ ಹಿಟ್ಟು ಐದು ಕಿಲೋ, ಹೆಸರು ಬೇಳೆ, ಶೇಂಗಾ ಚಟ್ನಿ, ಬೆಲ್ಲ, ನೀರು ಸೋಸುವ ಬಿಳಿ ಅರಿವೆ ನಾಲ್ಕು. ಮೂರು ವಾರಕ್ಕೆ ಸಾಕು.

ಮೈದುನ ಶ್ರೇಣಿಕ ಪೆಟ್ಟಿಗೆಗೆ ಹಗ್ಗ ಬಿಗಿಯಲು ಬಂದಿದ್ದ. ಅಲ್ಲೀಗ ರಂಜಾನ್ ತಿಂಗಳು ಎಂದು ನಾನು ಹೇಳಿದ್ದಕ್ಕೆ, "ಹಗಲೆಲ್ಲಾ ಊರಿಗೆ ಊರ ಉಪಾಸ. ಅವ್ವ ತನಗ ಬೇಕಾದ ಊರ ಹುಡಕ್ಯಾಳ ನೋಡ್ರಿ ವೈನಿ" ಎಂದ. ಅತ್ತೆಗೆ ರೋಜಾ ಹೊಸದಲ್ಲ. ಕುಡಚಿಯಲ್ಲಿ ಬಳೆ ಇಡಿಸುವ ಮನೆಯವರ ಜೊತೆ ಅವರ ಸ್ನೇಹ ನನ್ನ ಮದುವೆಗಿಂತ ಹಳೆಯದು.

ಧಾರವಾಡದಿಂದ ಮಗ ಕುನಾಲ ಫೋನ್ ಮಾಡಿ, ಅಮ್ಮಾ, ನೀನು ಹೋಗುತ್ತಿರುವುದು ಅಜ್ಜಿಗಾಗಿಯೋ ನಿನಗಾಗಿಯೋ ಎಂದು ಕೇಳಿದ. ಅಜ್ಜಿಗಾಗಿ ಎಂದೆ. ನಿಜವೇ. ಬೇರೆ ಊರು, ಬೇರೆ ಗಾಳಿ. ಅಲ್ಲಾದರೂ ಎರಡನೆಯ ಊಟಕ್ಕೆ ಕೂತಾರೆಯೇ ಎಂಬುದಷ್ಟೇ ನನ್ನ ಆಸೆ.

ಮಾರ್ಚ್ 4, ಟ್ಯೂನಿಸ್

ಬಂದು ಸೇರಿದೆವು. ಎರಡು ವಿಮಾನ. ಅತ್ತೆಯ ಊಟ ದೋಹಾದ ನಿಲ್ದಾಣದಲ್ಲಿ ಹಗಲು ಹನ್ನೊಂದಕ್ಕೆ: ಮಡಚಿದ ರೊಟ್ಟಿ ಒಂದು, ಚಟ್ನಿ. ಮೊಸರು ಇಲ್ಲ.

ನನ್ನ ಗಂಡ ಇಪ್ಪತ್ತು ವರ್ಷ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕೆಮಿಸ್ಟ್ ಆಗಿದ್ದವರು. ಕಡೆಯ ಎರಡು ವರ್ಷ ಈ ನಗರದ ಹೊರಗಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ, ಡಿಸೆಂಬರಿನ ಒಂದು ಬೆಳಿಗ್ಗೆ ಅಲ್ಲೇ ಬಿದ್ದರು. ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ಹಳೆ ಪಟ್ಟಣದ ಈ ಮನೆಯಲ್ಲಿ ಕೋಣೆ ಹಿಡಿದಿದ್ದರು. ಈಗ ನಾವೂ ಅದೇ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಅವರ ಸಾಮಾನು ಆಗಲೇ ಊರಿಗೆ ಬಂದಿದೆ. ಇಲ್ಲಿ ಉಳಿದದ್ದು ಒಂದು ಮಂಚ, ಒಂದು ಕಿಟಕಿ, ಅಂಗಿ ತೂಗುಹಾಕುವ ಮೊಳೆ. ಅತ್ತೆ ಮೊಳೆಯನ್ನು ಮುಟ್ಟಿ ನೋಡಿದರು. ನಾನು ಬಟ್ಟೆ ಜೋಡಿಸಿದೆ.

ಮನೆಯೊಡತಿ ಮೊಂಜಿಯಾ, ಅತ್ತೆಯ ವಯಸ್ಸಿನವರು, ವಿಧವೆ. ಅವರ ಮೊಮ್ಮಗಳು ಯುಸ್ರಾ ಕಾಲೇಜು ಓದುತ್ತಾಳೆ, ಇಂಗ್ಲಿಷ್ ಬರುತ್ತದೆ. ನೀಲಿ ಬಾಗಿಲು, ಅದರ ಮೇಲೆ ಕಪ್ಪು ಮೊಳೆಗಳ ರಂಗೋಲಿ. ಒಳಗೆ ನಡುವೆ ತೆರೆದ ಅಂಗಳ. ನಮ್ಮ ಹಳೆ ತೊಟ್ಟಿಮನೆಗಳ ಹಾಗೆಯೇ, ಗೋಡೆಗಳಿಗೆ ಮಾತ್ರ ಬಣ್ಣದ ಹಂಚು.

ಸಂಜೆ ಆರರ ನಂತರ ಎಲ್ಲೋ ಉಪವಾಸ ಬಿಡುವ ಹೊತ್ತಿನ ತೋಪು ಹಾರಿತು. ಹತ್ತು ನಿಮಿಷದಲ್ಲಿ ಮೊಂಜಿಯಾ ಎರಡು ಬಟ್ಟಲು ಬಿಸಿ ಸೂಪು ಹಿಡಿದು ಮೇಲೆ ಬಂದರು. ಅತ್ತೆ ಎದ್ದು ಕೈಮುಗಿದರು, ಮುಟ್ಟಲಿಲ್ಲ. ಮೊಂಜಿಯಾರ ಮುಖ ಸಣ್ಣದಾಯಿತು. ಹೊತ್ತು ಮುಳುಗಿದ ಮೇಲೆ ಇವರು ಉಣ್ಣುವುದಿಲ್ಲ, ಮಾಂಸವನ್ನಂತೂ ಮುಟ್ಟುವುದೇ ಇಲ್ಲ ಎಂದು ಯುಸ್ರಾಳ ಮೂಲಕ ವಿವರಿಸಿದೆ. ಮೊಂಜಿಯಾ ಕೇಳಿ, ತಲೆಯಾಡಿಸಿ, ಆಮೇಲೆ ಗೋಡೆ ಹಿಡಿದು ನಗತೊಡಗಿದರು. ಯುಸ್ರಾ ಅನುವಾದ ಮಾಡಿದಳು: ಇವಳು ಉಣ್ಣುವಾಗ ನಾನು ಉಣ್ಣುವಂತಿಲ್ಲ, ನಾನು ಉಣ್ಣುವಾಗ ಇವಳು ಉಣ್ಣುವಂತಿಲ್ಲ, ಇಂಥ ಅತಿಥಿಯನ್ನು ನಾನು ಏನು ಮಾಡಲಿ?

ಅತ್ತೆಗೆ ಹೇಳಿದೆ. ಅವರೂ ಸ್ವಲ್ಪ ನಕ್ಕರು.

ಮಾರ್ಚ್ 5

ಊಟ: ರೊಟ್ಟಿ ಒಂದು, ಬೇಳೆ, ಮೊಸರು ಒಂದು ಬಟ್ಟಲು.

ಅತ್ತೆ ನಲ್ಲಿಗೆ ಬಿಳಿ ಅರಿವೆ ಕಟ್ಟಿದ್ದನ್ನು ಮೊಂಜಿಯಾ ನೋಡಿ, ಏನೂ ಕೇಳದೆ, ತಮ್ಮ ಅಡುಗೆಮನೆಯ ನಲ್ಲಿಗೂ ಒಂದು ಅರಿವೆ ಕಟ್ಟಿಬಿಟ್ಟರು. ಅತ್ತೆ ರೊಟ್ಟಿ ಬಡಿದು ಅವರ ಮಣ್ಣಿನ ಹಂಚಿನ ಮೇಲೆ ಬೇಯಿಸಿದರು. ಉಪವಾಸದಲ್ಲಿರುವವರ ಎದುರು ಉಣ್ಣಬೇಕಲ್ಲ ಎಂದು ನನಗೆ ಮುಜುಗರ. ಮೊಂಜಿಯಾ ಮಾತ್ರ ಪಕ್ಕದಲ್ಲೇ ಕೂತು ನೊಣ ಓಡಿಸುತ್ತಿದ್ದರು.

ಸಂಜೆ ಒಂದು ಸಂಗತಿ. ಕೆಳಗಿನ ಅಂಗಳದಿಂದ ಸೂರ್ಯ ಕಾಣುವುದಿಲ್ಲ. ಕೊನೆಯ ನೀರು ಯಾವಾಗ ಕುಡಿಯಬೇಕೆಂದು ಅತ್ತೆಗೆ ತಿಳಿಯುವುದಿಲ್ಲ. ಅದಕ್ಕೆ ಚರಿಗೆ ಹಿಡಿದು ಮೇಲಿನ ತೆರೆದ ಮಾಳಿಗೆಗೆ ಹೋದರು. ಮೊಂಜಿಯಾ ಒಗೆದ ಬಟ್ಟೆ ತೆಗೆಯುವ ನೆಪದಲ್ಲಿ ಹೊತ್ತು ನೋಡಲು ಮೊದಲೇ ಅಲ್ಲಿದ್ದರು. ಇಬ್ಬರೂ ಪಡುವಣಕ್ಕೆ ಮುಖ ಮಾಡಿ ಕೂತರು. ಒಬ್ಬರಿಗೆ ನಿಲ್ಲಿಸುವ ಗಳಿಗೆ, ಇನ್ನೊಬ್ಬರಿಗೆ ಶುರುಮಾಡುವ ಗಳಿಗೆ. ತೋಪು ಹಾರುವ ಸ್ವಲ್ಪ ಮೊದಲು ಅತ್ತೆ ಕೊನೆಯ ಗುಟುಕು ಕುಡಿದು ಚರಿಗೆ ಬೋರಲು ಹಾಕಿದರು. ತೋಪು ಹಾರಿದಾಗ ಮೊಂಜಿಯಾ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡರು. ಇಡೀ ಪಟ್ಟಣ ಒಮ್ಮೆಲೇ ಮೌನವಾಯಿತು. ಆಮೇಲೆ ಎಲ್ಲ ಮನೆಗಳಿಂದ ಚಮಚದ ಸದ್ದು.

ನನ್ನ ಗಂಡ ಅಭಿಯನ್ನು ಇವರು ಸಿ ಅಬಿ ಎನ್ನುತ್ತಾರೆ, ಅಭಿಯವರು ಎಂದ ಹಾಗೆ. ಇಳಿಯುವಾಗ ಯುಸ್ರಾ ನನ್ನ ಕೈಹಿಡಿದು ಹೇಳಿದಳು: ಸಿ ಅಬಿ ಕೂಡ ತೋಪು ಹಾರಿದ ಕೂಡಲೇ ಓಡಿ ಬರುತ್ತಿದ್ದರು, ನಮ್ಮೊಂದಿಗೇ ಉಣ್ಣುತ್ತಿದ್ದರು, ಅಜ್ಜಿ ಅವರಿಗೆಂದೇ ಮಾಂಸವಿಲ್ಲದ ಸೂಪು ಬೇರೆ ಮಾಡುತ್ತಿದ್ದಳು. ಅವಳಿಗೆ ಅದು ಸಂತೋಷದ ನೆನಪು.

ಏನಂತಾಳ ಎಂದು ಅತ್ತೆ ಕೇಳಿದರು. ಮೆಟ್ಟಿಲು ನೋಡಿ ಇಳೀರಿ ಅಂತಾಳ ಎಂದೆ.

ಹೊತ್ತು ಮುಳುಗಿದ ಮೇಲೆ ಮಗ ಉಣ್ಣುತ್ತಿದ್ದ ಎಂದು ತಿಳಿದರೆ ಅವರಿಗೆ ನೋವಾಗುತ್ತದೆ. ಅದಕ್ಕೇ ಮುಚ್ಚಿಟ್ಟೆ. ಅಥವಾ ನನಗೂ ಅದು ಗೊತ್ತಿರಲಿಲ್ಲ ಎಂಬುದನ್ನು ಮುಚ್ಚಿಟ್ಟೆನೇ?

ಮಾರ್ಚ್ 7

ಜೈತೂನಾ ಮಸೀದಿಯ ಸುತ್ತಲಿನ ಪೇಟೆ ನೋಡಿದೆವು. ಮಾಡು ಹೊದಿಸಿದ ಓಣಿಗಳು, ಒಂದೊಂದು ಓಣಿಗೆ ಒಂದೊಂದು ಕಸುಬು. ಅತ್ತರಿನ ಅಂಗಡಿಗಳ ಸಾಲಿನಲ್ಲಿ ಉಪವಾಸದ ಮುದುಕರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಬೆಕ್ಕುಗಳಿಗೆ ಮಾತ್ರ ಉಪವಾಸವಿಲ್ಲ.

ಕಾರ್ಖಾನೆಗೆ ಹೋಗೋಣವೇ ಎಂದು ಕೇಳಿದೆ. "ಅಂವಾ ಬಿದ್ದ ಜಾಗಾ ನನಗ ಬ್ಯಾಡ. ಅಂವಾ ಅಡ್ಡಾಡಿದ್ದ ತೋರಸು" ಎಂದರು.

ಅವರು ಎಲ್ಲಿ ಅಡ್ಡಾಡಿದರೆಂದು ನನಗೇನು ಗೊತ್ತು? ಎರಡು ವರ್ಷ ವಿಡಿಯೋದಲ್ಲಿ ಕಂಡದ್ದು ಒಂದು ಮುಖ, ಹಿಂದೆ ಒಂದು ಸುಣ್ಣದ ಗೋಡೆ.

ರೊಟ್ಟಿ ಒಂದು.

ಮಾರ್ಚ್ 9

ರೊಟ್ಟಿ ಮುಕ್ಕಾಲು. ಮೊಸರು ಬೇಡವೆಂದರು.

ಮಾರ್ಚ್ 11

ಅತ್ತೆ ಮಲಗಿದ್ದಾರೆ, ಬಾಗಿಲ ಬಳಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತಕ್ಕೆ ಕೆಂಪು ಟೋಪಿ ಮಾಡುವವರ ಓಣಿಗೆ ಹೋಗಿದ್ದೆವು. ಉಣ್ಣೆಯ ಟೋಪಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ಒಣಗಿದ ಮುಳ್ಳುಕಾಯಿಯಿಂದ ಬಾಚಿ ಬಾಚಿ ಮಖಮಲ್ಲಿನ ಹಾಗೆ ಮಾಡುತ್ತಾರೆ. ಅತ್ತೆ ಮೆಚ್ಚಿ ನೋಡುತ್ತ ನಿಂತವರು ಹಾಗೇ ಕುಸಿದರು. ಟೋಪಿಯವನು ತನ್ನ ಕೆಲಸ ಬಿಟ್ಟು ಓಡಿಬಂದು ಬೆಂಚಿನ ಮೇಲೆ ಮಲಗಿಸಿದ. ಕಣ್ಣು ಬಿಟ್ಟಾಗ ಯಾರೋ ಸಕ್ಕರೆ ನೀರು ತಂದರು. ತಂದವನೂ ಉಪವಾಸದವನೇ. ಅತ್ತೆ ತುಟಿ ಬಿಗಿದರು. ಈಗ ಕುಡಿದರೆ ಇದೇ ಇವತ್ತಿನ ಒಂದು ಹೊತ್ತಾಗುತ್ತದೆ ಎಂದು ಕೈಸನ್ನೆ ಮಾಡಿದರು.

ನನಗೆ ಏನಾಯಿತೋ. ಅಷ್ಟು ಜನರ ನಡುವೆ, "ಸಾಯಾಕ ಬಂದೀರೇನ್ರಿ ಇಲ್ಲಿ? ಒಬ್ಬರನ್ನ ಪೆಟಗ್ಯಾಗ ಒಯ್ದದ್ದ ಸಾಲದಾ?" ಎಂದು ಕೂಗಿದೆ. ಇಪ್ಪತ್ತೆರಡು ವರ್ಷದಲ್ಲಿ ಅವರೆದುರು ದನಿ ಎತ್ತಿದವಳಲ್ಲ.

ಅವರು ನನ್ನನ್ನೇ ಬಹಳ ಹೊತ್ತು ನೋಡಿದರು. "ಸಿಟ್ಟ ಬಂತ ನಿನಗ" ಎಂದರು. ಬೈದ ಹಾಗಿರಲಿಲ್ಲ ಅದು. ಆಮೇಲೆ, "ಚಲೋ ಆತು."

ಇದರ ಅರ್ಥವೇನು?

ಮಾರ್ಚ್ 12

ಇವತ್ತು ಕೋಣೆಯಲ್ಲೇ ಉಳಿದರು. ರೊಟ್ಟಿ ಒಂದು.

ಸಂಜೆ ತೋಪು ಹಾರಿದ ಮೇಲೆ ಮೊಂಜಿಯಾ ನನ್ನ ಕೈಹಿಡಿದು ಕೆಳಗಿನ ಮೇಜಿಗೆ ಕೂರಿಸಿದರು. ಮಾಂಸವಿಲ್ಲದ ಸೂಪು, ಕಡಲೆ, ಟೊಮ್ಯಾಟೊ, ಜವೆಗೋಧಿ. ಬೇಡವೆನ್ನಬೇಕಿತ್ತು. ಎರಡು ಬಟ್ಟಲು ಕುಡಿದೆ. ಅತ್ತೆ ಮೇಲೆ ಇದ್ದಾರೆ ಎಂದು ಚಮಚವನ್ನು ಬಟ್ಟಲಿಗೆ ತಾಗಿಸದೆ ಕುಡಿದೆ. ಬಿಸಿಬಿಸಿ ಇತ್ತು, ನಿಂಬೆಹುಳಿ ಹಿಂಡಿದ್ದರು. ಹಸಿವಾಗಿತ್ತು ನನಗೆ. ಇಷ್ಟು ಹಸಿವಾಗಿತ್ತೆಂದು ಗೊತ್ತೇ ಇರಲಿಲ್ಲ.

ಅಭಿ ಯಾವ ಕುರ್ಚಿಯಲ್ಲಿ ಕೂರುತ್ತಿದ್ದ ಎಂದು ಯುಸ್ರಾಳನ್ನು ಕೇಳಿದೆ. ನೀವು ಕೂತದ್ದರಲ್ಲೇ ಎಂದಳು.

ಮಾರ್ಚ್ 15

ಸಣ್ಣ ರೈಲು ಹತ್ತಿ ಕಾರ್ಥೇಜಿಗೆ. ರಜೆಯ ದಿನ ಅಭಿ ಅಲ್ಲಿಗೆ ಹೋಗುತ್ತಿದ್ದನೆಂದು ಮೊಂಜಿಯಾ ಹೇಳಿದ್ದರು. ರೋಮನ್ನರ ಕಾಲದ ಸ್ನಾನಗೃಹ, ಈಗ ಉಳಿದಿರುವುದು ಕಂಬಗಳು ಮಾತ್ರ. ಸಾವಿರಾರು ಜನ ಸ್ನಾನ ಮಾಡುತ್ತಿದ್ದರಂತೆ ಎಂದು ಫಲಕ ಓದಿ ಹೇಳಿದೆ. ಅತ್ತೆ ಕಂಬದ ಬುಡದಲ್ಲಿ ಕೂತು, ಅವರೆಲ್ಲ ಎಲ್ಲಿಗೆ ಹೋದರು ಎಂದು ಕೇಳಿದರು, ನಿನ್ನೆ ಮೊನ್ನೆ ಇದ್ದವರ ಬಗ್ಗೆ ಕೇಳುವ ಹಾಗೆ.

ಅದರಾಚೆ ಸಮುದ್ರ. ಅವರು ಸಮುದ್ರವನ್ನು ನೋಡಿದ್ದು ಇದೇ ಮೊದಲು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಇಷ್ಟ ನೀರ ಸೋಸಾಕ ಎಷ್ಟ ಅರಿವಿ ಬೇಕಲೇ ಸುಗಂಧಾ."

ನಾನು ನಕ್ಕೆ. ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಗು, ಆದರೆ ನಗುವೇ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಏನನ್ನೋ ಕಾಯುವ ಹಾಗೆ. ನಾನು ಕಣ್ಣೊರೆಸಿಕೊಂಡೆ.

ಅಭಿ ಇಲ್ಲಿಂದ ಒಮ್ಮೆ ಫೋನ್ ಮಾಡಿದ್ದ. ಅಲೆಯ ಸದ್ದು ಕೇಳಿಸುತ್ತಾ ಎಂದಿದ್ದ. ಉತ್ತರಪತ್ರಿಕೆ ತಿದ್ದುತ್ತಿ‌ದ್ದೆ, ಆಮೇಲೆ ಮಾಡು ಎಂದಿದ್ದೆ.

ಮಾರ್ಚ್ 18

ಮಾಳಿಗೆಯ ಮೇಲೆ ಅವರಿಬ್ಬರ ಮಾತು ಇವತ್ತು ಕೇಳಿದೆ. ಇವರದು ಕನ್ನಡ, ಅವರದು ಅರಬ್ಬಿ. ಮೊಂಜಿಯಾ ತಮ್ಮ ಮೊಣಕಾಲು ತಟ್ಟಿ ತೋರಿಸಿ ಏನೋ ಹೇಳಿದರು. ಅತ್ತೆ, ಹೌದ್ರಿ, ದ್ರಾಕ್ಷಿ ಚಪ್ಪರದ ಕೆಳಗ ಬಗ್ಗಿ ಬಗ್ಗಿ ನನ್ನ ಬೆನ್ನೂ ಹಂಗ ಆಗೇತ್ರಿ ಎಂದರು. ಮೊಂಜಿಯಾ ತಲೆಯಾಡಿಸಿ ಆಕಾಶ ತೋರಿಸಿದರು. ಅತ್ತೆಯೂ ಆಕಾಶ ತೋರಿಸಿದರು. ಅನುವಾದ ಮಾಡಲು ಹೋಗಿ ಸುಮ್ಮನಾದೆ. ನಾನಿಲ್ಲದಿದ್ದರೆ ಅವರಿಗೆ ಹೆಚ್ಚು ಅರ್ಥವಾಗುತ್ತದೆ.

ಒಮ್ಮೆ ಮಾತ್ರ ಮೊಂಜಿಯಾ "ಸಿ ಅಬಿ" ಎಂದು, ಅಂಗೈಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಅತ್ತೆ ಅವರ ಕೈಯ ಮೇಲೆ ತಮ್ಮ ಕೈ ಇಟ್ಟರು. ಇಬ್ಬರೂ ಅಳಲಿಲ್ಲ. ನಾನೂ ಅಳಲಿಲ್ಲ.

ಮಾರ್ಚ್ 20

ನಾಳೆ ಹಬ್ಬವೆಂದು ಸಾರಿದರು. ಯುಸ್ರಾ ಇಡೀ ದಿನ ಮಾಳಿಗೆಗೆ ಸುಣ್ಣ ಹೊಡೆದಳು, ನಮ್ಮನ್ನು ಹತ್ತಲು ಬಿಡಲಿಲ್ಲ. ಮೊಂಜಿಯಾ ರವೆಯ ಹಿಟ್ಟಿನೊಳಗೆ ಖರ್ಜೂರ ತುಂಬಿ ಕರಿದ ಸಿಹಿ ಮಾಡುತ್ತಿದ್ದಾರೆ. ಅದನ್ನು ಜೇನುತುಪ್ಪದಲ್ಲಿ ಅದ್ದುವ ರೂಢಿ. ನಾವು ಜೇನು ತಿನ್ನುವುದಿಲ್ಲ. ಒಂದು ಪಾತ್ರೆಗೆ ಬೇರೆಯಾಗಿ ಸಕ್ಕರೆ ಪಾಕ ಕಾಯಿಸುತ್ತಿದ್ದುದನ್ನು ಕಂಡೆ. ನಾನು ಹೇಳಿರಲಿಲ್ಲ. ಯಾರು ಹೇಳಿಕೊಟ್ಟದ್ದೆಂದು ಕೇಳಲೂ ಇಲ್ಲ.

ಅವರ ಕರೆ ಇಷ್ಟು: ನಾಳೆ ಉಪವಾಸವಿಲ್ಲ. ನಾಳೆ ಬೆಳಿಗ್ಗೆ, ಹಗಲಿನಲ್ಲಿ, ನಾನೂ ನೀನೂ ಒಂದೇ ತಟ್ಟೆಯ ಮುಂದೆ.

ಅತ್ತೆ ಯೋಚಿಸಿ, "ಆತು. ನಾಳಿ ಮುಂಜಾನೆ ಉಣತೇನಿ. ಮಧ್ಯಾಹ್ನ ಬ್ಯಾಡ" ಎಂದರು. ಅಂದರೆ ಒಂದೇ ಹೊತ್ತು, ಗಂಟೆ ಮಾತ್ರ ಬೇರೆ. ನಾಲ್ಕು ದಿನಕ್ಕೆ ನಾವು ಹೊರಡುತ್ತೇವೆ. ಬಂದಾಗ ಇದ್ದಷ್ಟೇ ಇದ್ದಾರೆ, ಅದಕ್ಕಿಂತ ಕಡಿಮೆಯೇ.

ಇಲ್ಲಿಗೆ ಬಂದದ್ದರಿಂದ ಏನಾಯಿತು?

ಮಾರ್ಚ್ 21

ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಎಂಟಕ್ಕೆ ಮಾಳಿಗೆ ಹತ್ತಿದೆವು. ಮೊಂಜಿಯಾ ಚಾಪೆ ಹಾಸಿ ದೊಡ್ಡ ಹಿತ್ತಾಳೆ ತಟ್ಟೆ ಇಟ್ಟಿದ್ದರು. ಅತ್ತೆ ನಸುಕಿನಲ್ಲೇ ಎದ್ದು ಬಡಿದ ರೊಟ್ಟಿ, ಅವರ ಸಿಹಿ, ಮೊಸರು, ಕಿತ್ತಳೆ. ಎಲ್ಲ ಗೋಡೆಗಳೂ ಹಾಲಿನ ಹಾಗೆ ಬೆಳ್ಳಗಿದ್ದವು. ಮೆಟ್ಟಿಲ ಕೋಣೆಯ ಪಡುವಣ ಗೋಡೆಯ ಬುಡದಲ್ಲಿ ಮಾತ್ರ ಬಾಗಿಲಗಲದ ಒಂದು ತುಂಡು ಸುಣ್ಣ ಕಾಣದೆ ಹಳತಾಗಿಯೇ ಉಳಿದಿತ್ತು. ಇಷ್ಟು ದಿನ ಅಲ್ಲಿ ಮಲ್ಲಿಗೆಯ ಕುಂಡಗಳನ್ನು ಒತ್ತಿ ಇಟ್ಟಿದ್ದರು.

ಸುಣ್ಣ ಸಾಲಲಿಲ್ಲವೇ ಎಂದು ಯುಸ್ರಾಳನ್ನು ಕೇಳಿದೆ. ಅವಳು ಅಜ್ಜಿಯ ಮುಖ ನೋಡಿದಳು. ಹೋದ ವರ್ಷವೂ ಅಷ್ಟು ಜಾಗ ಬಿಟ್ಟಿದ್ದೆವು, ಅಜ್ಜಿ ಹೊಡೆಯಗೊಡುವುದಿಲ್ಲ ಎಂದಳು. ಅತ್ತೆ ಮತ್ತು ಮೊಂಜಿಯಾ ಆಗಲೇ ಉಣ್ಣಲು ಶುರುಮಾಡಿದ್ದರು. ನಾನು ಎದ್ದು ಹತ್ತಿರ ಹೋದೆ.

ಪೆನ್ಸಿಲಿನ ಗೆರೆಗಳು, ಸ್ಕೇಲ್ ಹಿಡಿದು ಎಳೆದವು. ಕೆಳಗೆ, ಪಾದದಿಂದ ಒಂದು ಗೇಣು ಮೇಲೆ, ಒಂದು ಗೆರೆ. ಅದರ ಪಕ್ಕ ಅಭಿಯ ಅಕ್ಷರ: ಅವ್ವ. ಸೊಂಟದೆತ್ತರಕ್ಕೆ ಇನ್ನೊಂದು ಗೆರೆ: ಮೊಂಜಿಯಾ. ಅದಕ್ಕೆ ತಾಗಿಕೊಂಡು ಸಣ್ಣದಾಗಿ: ನಾನೂ.

ಯುಸ್ರಾ ವಿವರಿಸಿದಳು. ಸಂಜೆ ಎದುರಿನ ಅಡ್ಡಗೋಡೆಯ ನೆರಳು ಈ ಗೋಡೆ ಹತ್ತುತ್ತದೆ. ಕೆಳಗಿನ ಗೆರೆ ಮುಟ್ಟಿದಾಗ ಮುಳುಗಲು ಇನ್ನೂ ನಲವತ್ತೆಂಟು ನಿಮಿಷ ಇರುತ್ತದೆ, ಊರಲ್ಲಿ ಅಮ್ಮ ಅಷ್ಟು ಮೊದಲೇ ಊಟ ಮುಗಿಸಬೇಕು ಎಂದು ಸಿ ಅಬಿ ಹೇಳುತ್ತಿದ್ದರಂತೆ. ಮೇಲಿನದು ಮುಟ್ಟಿದಾಗ ತೋಪು. ಗಡಿಯಾರ ಹಿಡಿದು ಮೂರು ಸಂಜೆ ಅಳತೆ ಮಾಡಿದ್ದರಂತೆ.

ಕೆಮಿಸ್ಟ್. ಗೋಡೆಯನ್ನೂ ಬಿಡಲಿಲ್ಲ.

ಹಿಂದಿನಿಂದ ಅತ್ತೆ, "ಏನ ಬರದೈತಿ ಅಲ್ಲಿ?" ಎಂದು ಕೇಳಿದರು. ನಾನು ಓದಿ ಹೇಳಬೇಕಿತ್ತು. ಬಾಯಿ ತೆರೆದರೆ ಬಂದದ್ದು ಅಳು. ಸದ್ದು ಮಾಡುವ ಅಳು. ಗೋಡೆ ಹಿಡಿದು ಅಲ್ಲೇ ಕೂತುಬಿಟ್ಟೆ. ಒಂದು ಕಡೆ ಅಳುತ್ತಲೇ ಇನ್ನೊಂದು ಕಡೆ ಯೋಚಿಸುತ್ತಿದ್ದೆ: ಅತ್ತೆ ಇನ್ನೂ ಎರಡು ತುತ್ತು ತಿಂದಿಲ್ಲ, ಈಗ ಎದ್ದುಬಿಡುತ್ತಾರೆ, ನಾಳೆಯವರೆಗೆ ಏನೂ ಇಲ್ಲ, ಮೂವತ್ತೊಂಬತ್ತು ಕಿಲೋ. ತಿರುಗಿ ನೋಡಿದೆ. ರೊಟ್ಟಿಯ ತುಂಡು ಹಿಡಿದ ಅವರ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು.

"ಅತ್ಯಾರ, ನಿಲ್ಲಸ್ತೇನ್ರಿ, ಒಂದ ನಿಮಿಷ" ಎಂದೆ. ನಿಲ್ಲಲಿಲ್ಲ.

"ನಿಲ್ಲಸಬ್ಯಾಡ."

ಮೊಂಜಿಯಾ ನನ್ನ ಕಡೆ ಏಳಲು ಹೋದರು. ಅತ್ತೆ ಅವರ ಮೊಣಕಾಲಿನ ಮೇಲೆ ಕೈ ಇಟ್ಟು ಕೂರಿಸಿದರು.

"ನೀ ಅಳು. ನಾ ಉಣತೇನಿ."

ತುತ್ತು ಬಾಯಿಗಿಟ್ಟರು. ಅಗಿದರು. ಇನ್ನೊಂದು ಮುರಿದರು. ನಾನು ಅಳುತ್ತಿದ್ದೆ, ಅವರು ಉಣ್ಣುತ್ತಿದ್ದರು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ರೊಟ್ಟಿ ಎಷ್ಟು ಎಂದೂ ಗೊತ್ತಿಲ್ಲ. ನಡುವೆ ಅವರ ಕಣ್ಣಿಂದಲೂ ನೀರು ಇಳಿಯಿತು, ಒರೆಸಿಕೊಳ್ಳದೆ ಉಂಡರು.

"ಅಡಗಿಮನ್ಯಾಗ ಅತ್ತ ಆ ಒಂದ ದಿನದ ಮ್ಯಾಲ ನಿನಗ ಅಳು ಬರಂಗಿಲ್ಲ ಅಂತ ತಿಳದಿದ್ನಿ ನಾ" ಎಂದರು ಕಡೆಗೆ. "ಅಂವನ ಸಲುವಾಗಿ ಮನ್ಯಾಗ ನಾನೊಬ್ಬಾಕೀನ ಉಳದೇನಿ ಅಂತ."

ಹದಿನೈದು ತಿಂಗಳು. ಅಡುಗೆಮನೆ ಮತ್ತು ಪಡಸಾಲೆಯ ನಡುವೆ ಒಂದೇ ಗೋಡೆ.

ಆಮೇಲೆ ಕೈ ತೊಳೆದು, ಗೋಡೆಯ ಹತ್ತಿರ ಬಂದು ಬಗ್ಗಿ ತಾವೇ ಒಂದೊಂದೇ ಅಕ್ಷರ ಓದಿದರು. "ನಾನೂ" ಎಂಬಲ್ಲಿ ಬೆರಳು ನಿಂತಿತು. ಎಲ್ಲ ಹೇಳಿಬಿಟ್ಟೆ. ತೋಪು ಹಾರಿದ ಮೇಲೆ ಇವರ ಜೊತೆ ಉಣ್ಣುತ್ತಿದ್ದ, ಯುಸ್ರಾ ಮೊದಲ ವಾರವೇ ಹೇಳಿದ್ದಳು, ನಾನು ಮುಚ್ಚಿಟ್ಟೆ.

"ನನಗ ಗೊತ್ತಿತ್ತು" ಎಂದರು. "ಉಣ್ಣಕೋಂತನ ಫೋನ್ ಮಾಡತಿದ್ದ. ಹೊತ್ತ ಮುಳಗೇತೇನೋ ಅಂತ ಕೇಳಿದ್ರ, ಇನ್ನೂ ಐತಿ ಅವ್ವಾ ಅಂತಿದ್ದ. ಬಾಯಾಗ ತುತ್ತ ಇಟಗೊಂಡು." ಬೆರಳನ್ನು ಗೋಡೆಯಿಂದ ತೆಗೆದು, "ನೀನೂ ಕೆಳಗ ಹೋಗಿ ಸೂಪ ಕುಡೀತಿ. ಚಮಚಾ ಸಪ್ಪಳಾ ಮಾಡದಿದ್ರೂ ನುಂಗೋದು ಕೇಳಸ್ತೈತಿ."

ಅತ್ತೆ ಏನೆಂದರು ಎಂದು ಮೊಂಜಿಯಾ ಯುಸ್ರಾಳನ್ನು ಕೇಳುತ್ತಿದ್ದರು. ಅವಳು ನನ್ನನ್ನು ಕೇಳಿದಳು. ನಾನು ಹೇಳಿದೆ, ಪೂರ್ತಿಯಾಗಿ, ಏನೂ ಬಿಡದೆ.

ಮಧ್ಯಾಹ್ನ ಮಲಗಿದೆ. ಹಗಲು ನಿದ್ದೆ ಮಾಡುವವಳಲ್ಲ ನಾನು. ಎಚ್ಚರವಾದಾಗ ಕೋಣೆಯಲ್ಲಿ ಬಿಸಿಲು ಓರೆಯಾಗಿತ್ತು, ಅತ್ತೆ ಇರಲಿಲ್ಲ. ಮಾಳಿಗೆಯಿಂದ ಅವರ ದನಿ ಬಂತು, ನಮ್ಮ ಹೊಲದ ಬದುವಿನಿಂದ ಮನೆಗೆ ಕೂಗುವ ಹಾಗೆ.

"ಸುಗಂಧಾ, ಗೆರಿ ಮುಟ್ಟಾಕ ಇನ್ನೂ ನಾಕ ಬೆರಳ ಐತಿ. ಏನರ ಇದ್ರ ಲಗೂನ ತಗೊಂಡ ಬಾ."

ಒಂದು ರೊಟ್ಟಿ ಉಳಿದಿತ್ತು. ಮೊಸರಿತ್ತು. ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿದೆ.